ಮಠದಲ್ಲಿ ಚಾರ್ಜಿಗಿಟ್ಟ ಬ್ಯಾಟರಿ

ಚಿಕ್ಕೇರೂರು ಅಂಚೆ, ಹಿರೇಕೆರೂರು ತಾಲೂಕು
9 ಜನವರಿ 1984

ಗೆಳೆಯ ನಿಯಾಜನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಕೆಟ್ಟ ಸುದ್ದಿ. ನಮ್ಮ ವಿಮಾನದ ಚಾರ್ಜರ್ ಸುಟ್ಟುಹೋಯಿತು. ಮೊನ್ನೆ ಸಂಜೆ ಸುತ್ತಲಿನ ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ನಿಂತವು. ಮಠದ ಬಲ್ಬುಗಳು ಕಣ್ಣು ಕುಕ್ಕುವಷ್ಟು ಬೆಳಗಿದವು, ನಿನ್ನ ಸೋದರಮಾವ ದುಬೈಯಿಂದ ತಂದುಕೊಟ್ಟ ಜಪಾನಿನ ಡಬ್ಬಿಯಿಂದ ಹೊಗೆ ಎದ್ದಿತು. ಹಳ್ಳಿಯಲ್ಲಿ ವೋಲ್ಟೇಜು ಹೀಗೆ ಏರುತ್ತದೆ ಅಂತ ನೀನು ಹೇಳಿದ್ದೆ, ನಾನು ಕೇಳಲಿಲ್ಲ. ಬೈಯುವುದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದಿನದನ್ನು ಬರಿ.

ವಿಮಾನಕ್ಕೆ ಏನೂ ಆಗಿಲ್ಲ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಬ್ಲೇಡಿನಿಂದ ಕೊಯ್ದು ಅಂಟಿಸಿದ ರೆಕ್ಕೆ ಹಾಗೇ ಇದೆ. ಕೈಯಲ್ಲಿ ಹಿಡಿದು ಹಾರಿಸುವ ರೇಡಿಯೋ ಪೆಟ್ಟಿಗೆಯೂ ಸರಿಯಾಗಿದೆ. ಆದರೆ ಪೆಟ್ಟಿಗೆಯೊಳಗಿನ ಬ್ಯಾಟರಿ, ವಿಮಾನದ ಹೊಟ್ಟೆಯೊಳಗಿನ ಬ್ಯಾಟರಿ, ಎರಡೂ ಖಾಲಿ. ಹುಬ್ಬಳ್ಳಿಯಲ್ಲಿ ಒಬ್ಬ ಅಂಗಡಿಯವನು ಸಣ್ಣ ಚಾರ್ಜರ್ ಮಾರುತ್ತಾನಂತೆ, ಒಳಗೆ ಒಂದು ಬಲ್ಬು, ಒಂದು ಡಯೋಡು, ಅಷ್ಟೇ. ತರಿಸಲೇ? ಇಲ್ಲ ಟ್ರ್ಯಾಕ್ಟರಿನ ಬ್ಯಾಟರಿಯಿಂದ ತುಂಬಿಸಬಹುದೇ? ಯಾವುದು ಸುರಕ್ಷಿತ, ಯಾವುದು ಬೇಗ, ಎರಡನ್ನೂ ತಿಳಿಸು.

ಯಾಕೆ ಕೇಳುತ್ತಿದ್ದೇನೆಂದರೆ ಬೆಳಗಾವಿಯಿಂದ ಕರೆ ಬಂದಿದೆ. ಎನ್.ಸಿ.ಸಿ. ಹುಡುಗರಿಗೆ ಮಾದರಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿಸುವ ಹುದ್ದೆ. ಮಾರ್ಚ್ ಹದಿನಾರಕ್ಕೆ ಪರೀಕ್ಷೆ. ತಮ್ಮದೇ ವಿಮಾನ ತಂದು ಅವರೆದುರು ಹಾರಿಸಿ ಇಳಿಸಬೇಕು. ಇಂಥ ಕೆಲಸ ಈ ಭೂಮಿಯ ಮೇಲೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಇಲ್ಲಿಯದು ನಿನಗೆ ತಿಳಿದದ್ದೇ. ಶ್ರಾವಣದಲ್ಲಿ ದೊಡ್ಡಜ್ಜಾರಿಗೆ, ಅಂದರೆ ಮಠದ ಹಿರಿಯ ಸ್ವಾಮಿಗಳಿಗೆ, ಕೈಕಾಲು ಸೋತವು. ಓದಿ ಹೇಳಲು ಒಬ್ಬರು ಬೇಕೆಂದು ನನ್ನನ್ನು ಕರೆತಂದರು. ಮಠದ ಅನ್ನ ತಿಂದು ಓದಿದವನು ನಾನು, ಒಲ್ಲೆ ಎನ್ನಲಾಗಲಿಲ್ಲ. ಬಿಳಿ ಪಂಜೆ ಇದ್ದದ್ದು ದೀಪಾವಳಿಗೆ ಕಾವಿಯಾಯಿತು. 'ಸದ್ಯಕ್ಕ ಇರ್ಲಿ' ಅಂದರು. ನನ್ನ ಕೋಣೆಯ ಕಸ ಹೊಡೆಯುವ ಅಡಿವೆವ್ವನಿಗೆ ಎಪ್ಪತ್ತು ದಾಟಿದೆ, ಇಪ್ಪತ್ಮೂರರ ನನ್ನನ್ನು 'ಅಜ್ಜಾರ' ಅನ್ನುತ್ತಾಳೆ. ಮೊದಮೊದಲು ನಗು ಬರುತ್ತಿತ್ತು.

ಬೇಗ ಬರಿ.
ನಿನ್ನ ಕರಿಬಸಯ್ಯ

ಸವಣೂರು
15 ಜನವರಿ 1984

ಕರಿಬಸಯ್ಯನಿಗೆ ನಿಯಾಜನ ಸಲಾಮು.

ಬೈಗುಳ ಒಂದೇ ಸಾಲು: ನೀನು ಕತ್ತೆ. ಇನ್ನು ಮುಂದಿನದು.

ಹುಬ್ಬಳ್ಳಿಯ ಆ ಬಲ್ಬಿನ ಚಾರ್ಜರಿನ ಹತ್ತಿರಕ್ಕೂ ಹೋಗಬೇಡ. ಅದರೊಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಗೋಡೆಯ ಕರೆಂಟು ನೇರವಾಗಿ ಬ್ಯಾಟರಿಯ ತಂತಿಗೇ ಬಂದು ಕೂತಿರುತ್ತದೆ. ಬ್ಯಾಟರಿ ತುಂಬುತ್ತದೆ, ಸುಳ್ಳಲ್ಲ. ಆದರೆ ತುಂಬುವಾಗ ಯಾರಾದರೂ ಒದ್ದೆ ಕೈಯಲ್ಲಿ ತಂತಿ ಮುಟ್ಟಿದರೆ ಅವರ ಕಥೆ ಮುಗಿಯಿತು. ನಿಮ್ಮ ಮಠದಲ್ಲಿ ಒಣಗಿದ ಕೈ ಯಾರದ್ದಿದೆ ಹೇಳು. ಹೊತ್ತುಹೊತ್ತಿಗೆ ಸ್ನಾನ, ಪೂಜೆ, ಅಭಿಷೇಕ. ಅಂಥ ಡಬ್ಬಿ ರಿಪೇರಿಗೆ ಬಂದರೆ ನಾನು ಮುಚ್ಚಳ ತೆಗೆದು ನೋಡಿ ಹಾಗೇ ವಾಪಸು ಕೊಡುತ್ತೇನೆ.

ಟ್ರ್ಯಾಕ್ಟರ್ ಬ್ಯಾಟರಿಯಿಂದ ತುಂಬಿಸಬಹುದು. ನಡುವೆ ಹೆಡ್‌ಲೈಟಿನ ಬಲ್ಬು ಹಾಕಿದರೆ ಒಂದು ತಾಸಿನ ಕೆಲಸ. ಬೇಗ ಅಂದರೆ ಅದೇ ಬೇಗ. ಆದರೆ ಆ ತಾಸೂ ಪಕ್ಕದಲ್ಲೇ ಕೂತಿರಬೇಕು, ಬ್ಯಾಟರಿಯ ಮೇಲೆ ಬೆರಳಿಟ್ಟುಕೊಂಡು. ಬೆಚ್ಚಗಾಯಿತು ಅನ್ನುವಷ್ಟರಲ್ಲಿ ತೆಗೆಯಬೇಕು. ಮರೆತು ಎದ್ದು ಹೋದರೆ ಉಬ್ಬಿ ಒಡೆಯುತ್ತದೆ. ಒಳಗಿನ ಕ್ಷಾರ ಸಿಡಿದು ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ನಿನ್ನ ಮರೆವು ನನಗೆ ಗೊತ್ತಿದೆ, ಸ್ಟೋವಿನ ಮೇಲೆ ಹಾಲಿಟ್ಟು ರೆಕ್ಕೆ ಅಂಟಿಸುತ್ತ ಕೂತವನು ನೀನು.

ನಾನೇ ಒಂದು ಕಟ್ಟಿಕೊಡುತ್ತೇನೆ. ಒಳ್ಳೆಯ ಟ್ರಾನ್ಸ್‌ಫಾರ್ಮರು, ಫ್ಯೂಸು, ಸಣ್ಣ ಕರೆಂಟು. ಹದಿನಾಲ್ಕು ತಾಸು ಹಿಡಿಯುತ್ತದೆ. ಮರೆತು ಇನ್ನೊಂದು ದಿನ ಬಿಟ್ಟರೂ ಏನೂ ಆಗುವುದಿಲ್ಲ. ನಿಧಾನ, ಆದರೆ ಜೀವಕ್ಕೆ ಅಪಾಯವಿಲ್ಲ. ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ. ಮಠದಲ್ಲಿ ಹೋಳಿಗೆ ತಿಂದು ಕೂತವನಿಗೆ ಅವಸರ ಎಂಥದ್ದು?

ನಿಯಾಜ

ಚಿಕ್ಕೇರೂರು ಅಂಚೆ
20 ಜನವರಿ 1984

ನಿಯಾಜ,

ಅವಸರ ಇಲ್ಲ ಅಂದುಕೋ. ಆದರೂ ಬೇಗ ಕಟ್ಟು.

ಒಂದು ತಾಸು ಒಂದೇ ಕಡೆ ಕೂತಿರಬೇಕು ಅಂದೆ. ಅದೊಂದನ್ನು ಇಲ್ಲಿ ಕೇಳಬೇಡ. ನಾನು ಕೂತಲ್ಲಿಗೆ ಮಂದಿ ಬರುತ್ತಾರೆ. ಎಮ್ಮೆ ಹಾಲು ಕೊಡುತ್ತಿಲ್ಲ ಅಂತ ಒಬ್ಬರು, ಮಗಳಿಗೆ ವರ ಕೂಡಿ ಬರುತ್ತಿಲ್ಲ ಅಂತ ಒಬ್ಬರು. ನಾನು ಏನು ಹೇಳಲಿ? ವಿಭೂತಿ ಕೊಡುತ್ತೇನೆ, ತಲೆಯ ಮೇಲೆ ಕೈ ಇಡುತ್ತೇನೆ, ಹೋಗುತ್ತಾರೆ. ಕೆರೆಯ ಕಡೆ ನಡೆದರೆ ಹಿಂದೆ ನಾಲ್ಕು ಜನ ಬರುತ್ತಾರೆ, ನಾನು ನಿಂತರೆ ಅವರೂ ನಿಲ್ಲುತ್ತಾರೆ. ಮಠದ ಕಮಿಟಿಯ ಹಿರಿಯ ಚನ್ನವೀರಪ್ಪ ನನ್ನ ಕೋಣೆಯಲ್ಲಿ ವಿಮಾನ ನೋಡಿ, 'ಅಜ್ಜಾರ, ಆಟಗಿ ಆಡೂ ವಯಸ್ಸೇನ್ರಿ ನಿಮ್ದು' ಅಂದ, ಕೈ ಮುಗಿದುಕೊಂಡೇ. ಗದರಿಸಿದ್ದರೆ ತಿರುಗಿ ಗದರಿಸಬಹುದಿತ್ತು. ಕೈ ಮುಗಿದವನಿಗೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ.

ನಿನ್ನ ನಿಧಾನದ ಡಬ್ಬಿಯನ್ನೇ ಕಳಿಸು. ನಡುವೆ ಕರೆಂಟು ಹೋದರೆ ಮತ್ತೆ ಬಂದಾಗ ಮುಂದುವರಿಸಬಹುದೇ, ಅದನ್ನು ಬರಿ.

ಕರಿಬಸಯ್ಯ

ಸವಣೂರು
3 ಫೆಬ್ರವರಿ 1984

ಕರಿಬಸಯ್ಯ,

ಡಬ್ಬಿ ಸಿದ್ಧವಾಗಿ ಒಂದು ವಾರವಾಗಿತ್ತು. ನಾನೇ ಕಳಿಸಿರಲಿಲ್ಲ. ಇವತ್ತು ಹಿರೇಕೆರೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ್ದೇನೆ. ಕರೆಂಟು ಹೋಗಿ ಬಂದರೆ ಚಿಂತೆಯಿಲ್ಲ, ಒಟ್ಟು ಹದಿನಾಲ್ಕು ತಾಸು ತುಂಬಿದರೆ ಸಾಕು. ಕೆಂಪು ದೀಪ ಹತ್ತಿದ್ದರೆ ತುಂಬುತ್ತಿದೆ ಅಂತ ಅರ್ಥ.

ಇನ್ನು ತಡ ಯಾಕಾಯಿತು ಅನ್ನುವುದು. ಹೋದ ವಾರ ನಿಮ್ಮ ಅವ್ವ ವೀರವ್ವ ತಿಳವಳ್ಳಿಯಿಂದ ನನ್ನ ಅಂಗಡಿಗೆ ಬಂದಿದ್ದರು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು, ಹಾಸ್ಟೆಲ್ಲಿಗೆ ಬರುತ್ತಿದ್ದ ಹಾಗೆಯೇ. ಸ್ಟೂಲಿನ ಮೇಲೆ ಕೂತು, ಮೇಜಿನ ಮೇಲಿದ್ದ ಡಬ್ಬಿ ನಿನಗೆಂದು ಕೇಳಿ ತಿಳಿದುಕೊಂಡು, 'ನಿಯಾಜ, ನೀ ಆ ಡಬ್ಬಿ ಕಳಸಬ್ಯಾಡಪಾ' ಅಂದರು.

'ಯಾಕ್ರಿ ಯವ್ವಾ?'

'ಯುಗಾದಿ ಮುಂದಿನ ಸೋಮವಾರ ಅವಂಗ ಪಟ್ಟ ಕಟ್ಟತಾರ. ಅಲ್ಲೀತನಕ ಮನಸು ಒಂದ ಕಡೆ ಇರ್ಲಿ.'

ನಾನು ಕೈಯಲ್ಲಿದ್ದ ಸೋಲ್ಡರ್ ಕಡ್ಡಿ ಕೆಳಗಿಟ್ಟೆ. ಪಟ್ಟ ಅಂದರೆ ಏನೆಂದು ನನಗೂ ಗೊತ್ತಿದೆ. ಅವತ್ತಿನಿಂದ ನಿನಗೆ ಹೊಸ ಹೆಸರು, ಅವತ್ತಿನಿಂದ ನೀನು ಯಾರ ಮಗನೂ ಅಲ್ಲ. ತಿರುಗಿ ಬರುವ ದಾರಿ ಇಲ್ಲ. ನೀನು ಮೂರು ವರ್ಷದವನಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದೆಯಂತೆ. 'ಬದುಕಿದ್ರ ಮಠಕ್ಕ ಬಿಡ್ತೇನಿ ಅಂದೆ. ಬದುಕಿದ. ಈಗ ಹೆಂಗ ಇಲ್ಲ ಅನ್ಲಿ' ಅಂದರು. ನಿಮಗೆ ಹೇಗನಿಸುತ್ತದೆ ಅಂತ ಕೇಳಿದೆ. 'ಅವತ್ತ ನಾ ಅವನ ಕಾಲು ಬೀಳಬೇಕಾಕ್ಕೈತಿ. ಅದಕ್ಕ ಈಗಿಂದ ಮನಸು ಗಟ್ಟಿ ಮಾಡಾಕತ್ತೇನಿ' ಅಂದು ಸೆರಗಿನಿಂದ ಬಾಯಿ ಒರೆಸಿಕೊಂಡರು.

ಅವರ ಮಾತು ಮೀರಿ ಕಳಿಸಬೇಕೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ. ಕಡೆಗೆ ಕಳಿಸಿದ್ದೇನೆ. ಆದರೆ ನೀನು ನನಗೆ ಒಂದು ಮಾತೂ ಬರೆಯಲಿಲ್ಲವಲ್ಲ. ನಾನು ಹೋಳಿಗೆ ತಿನ್ನುತ್ತಿದ್ದೀಯ ಅಂತ ತಮಾಷೆ ಮಾಡುತ್ತಿದ್ದೆ. ಸಿಟ್ಟು ಬಂದಿದೆ ನನಗೆ.

ನಿಯಾಜ

ಚಿಕ್ಕೇರೂರು ಅಂಚೆ
12 ಫೆಬ್ರವರಿ 1984

ನಿಯಾಜ,

ಸಿಟ್ಟು ಮಾಡಿಕೋ, ಸರಿಯೇ. ಕಾಗದದ ಮೇಲೆ ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸಿತ್ತು. ಚಾರ್ಜರಿನ ವಿಷಯ ಬರೆಯುವಾಗ ಮಾತ್ರ ನನ್ನ ಕೈ ಹಗುರಾಗಿರುತ್ತದೆ, ಅದನ್ನೇ ಬರೆಯುತ್ತಿದ್ದೆ.

ಒಲ್ಲೆ ಅಂತ ಹೇಳಿಲ್ಲವೆಂದು ತಿಳಿಯಬೇಡ. ದೊಡ್ಡಜ್ಜಾರ ಹತ್ತಿರವೇ ಹೋಗಿ ಹೇಳಿದೆ. ಹಾಸಿಗೆಯಲ್ಲಿ ಮಲಗಿದ್ದರು. ನನ್ನ ಕೈ ಹಿಡಿದು ಸಣ್ಣಗೆ ನಕ್ಕರು. 'ನಾನೂ ಹಿಂಗ ಅಂದಿದ್ದೆ' ಅಂದರು. ಅಷ್ಟೇ.

ನೀನು ಹೇಳಬಹುದು, ಎದ್ದು ಬಂದುಬಿಡು ಅಂತ. ಬರಬಹುದು, ಬೇಲಿ ಹಾಕಿಲ್ಲ ಯಾರೂ. ಆದರೆ ಸುಮ್ಮನೆ ಬಂದರೆ ಓಡಿಹೋದ ಅನ್ನುತ್ತಾರೆ, ತಿಳವಳ್ಳಿಯಲ್ಲಿ ಅವ್ವ ನೀರಿಗೆ ಹೋದಾಗ ಅವಳ ಹಿಂದೆ ಅನ್ನುತ್ತಾರೆ. ಕೆಲಸದ ಆರ್ಡರು ಕೈಯಲ್ಲಿದ್ದರೆ ಮಾತೇ ಬೇರೆ. ಸರಕಾರದ ಕೆಲಸಕ್ಕೆ ಹೋದ ಅನ್ನುತ್ತಾರೆ. ಹರಕೆಯನ್ನು ಕೂಡ ಸರಕಾರದ ಕಾಗದದ ಮುಂದೆ ಸ್ವಲ್ಪ ಸಡಿಲ ಬಿಡುವ ಜನ ನಮ್ಮವರು. ಅದಕ್ಕೇ ಆ ಬ್ಯಾಟರಿ ತುಂಬಬೇಕು, ವಿಮಾನ ಹಾರಬೇಕು. ಪಟ್ಟಕ್ಕೆ ಮೊದಲು ಹೋದರೆ ಒಬ್ಬ ಹುಡುಗ ಹೋದಂತೆ. ಪಟ್ಟವಾದ ಮೇಲೆ ಹೋದರೆ ಊರಿನ ಸ್ವಾಮಿ ಓಡಿಹೋದಂತೆ. ಅದು ನನ್ನಿಂದಾಗುವುದಿಲ್ಲ.

ನಿನ್ನ ಡಬ್ಬಿ ಬಹಳ ಚೆನ್ನಾಗಿದೆ. ಆದರೆ ತುಂಬುತ್ತಿಲ್ಲ. ಅದರ ತಪ್ಪಲ್ಲ. ನಾನು ಚಾರ್ಜಿಗೆ ಇಟ್ಟು ಪೂಜೆಗೆ ಹೋದರೆ ಅಡಿವೆವ್ವ ಬಂದು ಗುಂಡಿ ಆರಿಸುತ್ತಾಳೆ. ಎಷ್ಟು ಹೊತ್ತಿಗೆ ಆರಿಸಿದಳೋ ತಿಳಿಯದು, ಎಷ್ಟು ತುಂಬಿತೋ ತಿಳಿಯದು. ಮುಟ್ಟಬೇಡ ಅಂದರೆ, 'ಹಂಗ ಬಿಡಬ್ಯಾಡ್ರಿ ಯಪ್ಪಾ, ಅದು ಗುಂಯ್ ಅನ್ನಾಕತ್ತಿತ್ತು. ನಿಮಗ ಏನರ ಆದ್ರ ಈ ಊರಿಗೆ ಯಾರದಾರ್ರಿ' ಅನ್ನುತ್ತಾಳೆ. ಮತ್ತೆ ನಾಳೆ ಆರಿಸುತ್ತಾಳೆ. ಮೊನ್ನೆ ತುಂಬಿದೆ ಅಂದುಕೊಂಡು ಕೆರೆಯಂಗಳದಲ್ಲಿ ಹಾರಿಸಿದೆ. ಮೇಲೇರಿತು, ಒಂದು ಸುತ್ತು ಬಂತು, ಆಮೇಲೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಭತ್ತದ ಕೂಳೆಯಲ್ಲಿ ಬಿದ್ದು ಬಾಲ ಮುರಿಯಿತು. ಅಂಟಿಸಿದ್ದೇನೆ.

ಕರಿಬಸಯ್ಯ

ಸವಣೂರು
18 ಫೆಬ್ರವರಿ 1984

ಕರಿಬಸಯ್ಯ,

ಆರ್ಡರು, ಪರೀಕ್ಷೆ ಎಲ್ಲ ಇರಲಿ ಬಿಡಲಿ, ಬಂದುಬಿಡು ಅಂತಲೇ ಬರೆಯುವವನಿದ್ದೆ. ನೀನು ಮೊದಲೇ ಬಾಯಿ ಮುಚ್ಚಿಸಿದ್ದೀಯ. ಆದರೂ ಹೇಳಿರುತ್ತೇನೆ, ನನ್ನ ಅಂಗಡಿಯ ಅಟ್ಟದ ಮೇಲೆ ಒಬ್ಬರು ಮಲಗುವಷ್ಟು ಜಾಗ ಇದೆ.

ಗುಂಡಿಯ ಮೇಲೆ ಪಟ್ಟಿ ಅಂಟಿಸು. ಇಲ್ಲ, ಡಬ್ಬಿಯನ್ನು ನಿನ್ನ ಪೂಜೆಯ ಪೆಟ್ಟಿಗೆಯ ಹಿಂದೆ ಇಡು, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ಏನು ಮಾಡಿದರೂ ಟ್ರ್ಯಾಕ್ಟರ್ ಬ್ಯಾಟರಿಯ ತಂಟೆಗೆ ಹೋಗಬೇಡ. ನಿನ್ನ ಕಾಗದ ಓದಿದ ಮೇಲೆ ನನಗೆ ಅದೇ ಭಯ.

ನಿಯಾಜ

ಸವಣೂರು
27 ಫೆಬ್ರವರಿ 1984

ಕಾರ್ಡು ಬರೆಯುತ್ತಿದ್ದೇನೆ, ಉತ್ತರ ಬರಲಿಲ್ಲ. ಬ್ಯಾಟರಿ ತುಂಬಿತೇ? ಎರಡು ಅಕ್ಷರ ಬರಿ. ನಿಯಾಜ.

ಚಿಕ್ಕೇರೂರು ಅಂಚೆ
4 ಮಾರ್ಚ್ 1984

ನಿಯಾಜ,

ನೀನು ಬೇಡ ಅಂದದ್ದನ್ನೇ ಮಾಡಿದೆ. ಪೂರ್ತಿ ಓದು, ಆಮೇಲೆ ಬೈ.

ನಿನ್ನ ಡಬ್ಬಿಯನ್ನು ಪೂಜೆಯ ಪೆಟ್ಟಿಗೆಯ ಹಿಂದೆ ಇಟ್ಟಿದ್ದೆ. ಶಿವರಾತ್ರಿಗೆ ಮಠ ಸುಣ್ಣ ಬಳಿಯುವಾಗ ಯಾರೋ ಎತ್ತಿ ಇಟ್ಟರು, ತಂತಿ ಕಿತ್ತು ಬಂತು. ಪರೀಕ್ಷೆ ಹತ್ತಿರ ಬಂತು, ಒಂದು ಸಲವಾದರೂ ಸರಿಯಾಗಿ ಹಾರಿಸಿ ನೋಡಬೇಕಿತ್ತು. ಶಿವರಾತ್ರಿಯ ಮರುದಿನ ಬೆಳಿಗ್ಗೆ ಎಲ್ಲರೂ ಜಾಗರಣೆಯ ದಣಿವಿನಲ್ಲಿ ಮಲಗಿರುತ್ತಾರೆ ಅಂದುಕೊಂಡೆ. ಚನ್ನವೀರಪ್ಪನ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು, ನಡುವೆ ಬಲ್ಬು ಹಾಕಿ, ವಿಮಾನದ ಬ್ಯಾಟರಿಯನ್ನು ನನ್ನ ಕೋಣೆಯ ಗೋಡೆಯ ಗೂಡಿನಲ್ಲಿಟ್ಟು, ಬೆರಳಿಟ್ಟುಕೊಂಡು ಕೂತೆ.

ಅರ್ಧ ತಾಸೂ ಆಗಿರಲಿಲ್ಲ. ಚನ್ನವೀರಪ್ಪ ಬಾಗಿಲಲ್ಲಿ ನಿಂತ. 'ಅಜ್ಜಾರ, ಮೂರು ಊರಿನ ಮಂದಿ ಬಂದಾರ್ರಿ. ದೊಡ್ಡಜ್ಜಾರಿಗೆ ಏಳಾಕ ಆಗವಲ್ದು. ಪಾದಪೂಜಿಗೆ ನೀವ ಕುಂದರಬೇಕ್ರಿ. ಒಂದ ಗಳಿಗಿ.' ಗಳಿಗೆ ಅಂದರೆ ಗಳಿಗೆ ಅಂತ ನಂಬಿದೆ. ಬ್ಯಾಟರಿ ಇನ್ನೂ ತಣ್ಣಗೇ ಇತ್ತು. ತೆಗೆದರೆ ಮತ್ತೆ ಇಂಥ ಬೆಳಿಗ್ಗೆ ಸಿಕ್ಕುವುದಿಲ್ಲ ಅನ್ನಿಸಿತು. ಹಾಗೇ ಬಿಟ್ಟು ಹೋದೆ.

ನೀನು ಪಾದಪೂಜೆ ನೋಡಿಲ್ಲ. ಮಣೆಯ ಮೇಲೆ ಕೂರಿಸಿ ಎರಡೂ ಪಾದಗಳನ್ನು ಹಿತ್ತಾಳೆಯ ಪರಾತದಲ್ಲಿ, ಅಂದರೆ ಅಗಲವಾದ ತಟ್ಟೆಯಲ್ಲಿ, ಇರಿಸುತ್ತಾರೆ. ಒಬ್ಬೊಬ್ಬರಾಗಿ ಬಂದು ನೀರು ಹಾಕಿ, ವಿಭೂತಿ ಹಚ್ಚಿ, ಬಿಲ್ವಪತ್ರಿ ಏರಿಸಿ, ಆ ನೀರನ್ನು ತುಸು ಕುಡಿದು ಹೋಗುತ್ತಾರೆ. ಕಡೆಯ ಆರತಿ ಆಗುವವರೆಗೆ ಕೂತವನು ಕಾಲು ಕದಲಿಸುವಂತಿಲ್ಲ, ಮಾತಾಡುವಂತಿಲ್ಲ. ಎದ್ದರೆ ಪೂಜೆ ಕೆಟ್ಟಂತೆ, ನೀರು ಕುಡಿದವರಿಗೂ ಕೇಡು ಅಂತ ಇಲ್ಲಿಯ ನಂಬಿಕೆ. ಸಾಲು ಅಂಗಳ ದಾಟಿ ಬೀದಿಗೆ ಹೋಗಿತ್ತು.

ನನ್ನ ಎದುರಿಗೇ ಕೋಣೆಯ ಬಾಗಿಲು. ಗೂಡು ಕಾಣುತ್ತಿತ್ತು. ಅದರ ಕೆಳಗೆ ಅಡಿವೆವ್ವ ಗೋಡೆಗೆ ಒರಗಿ ಕೂತು, ನನ್ನ ಪೂಜೆಯನ್ನು ಕಣ್ತುಂಬ ನೋಡುತ್ತಿದ್ದಳು. ಅವಳ ತಲೆಯಿಂದ ಒಂದು ಮೊಳದ ಮೇಲೆ ಬ್ಯಾಟರಿ. ಅವತ್ತು ಒಂದೇ ದಿನ ಅವಳು ಅದನ್ನು ತೆಗೆಯಲಿಲ್ಲ. ಅದರಲ್ಲಿ ಗುಂಯ್ ಅನ್ನುವ ಸದ್ದೂ ಇರಲಿಲ್ಲ, ಕೆಂಪು ದೀಪವೂ ಇರಲಿಲ್ಲ.

ಪರಾತದ ನೀರು ತಣ್ಣಗಿತ್ತು. ಮಂದಿ ನೀರು ಹಾಕುತ್ತಲೇ ಇದ್ದರು. ಬ್ಯಾಟರಿಗೆ ಸುತ್ತಿದ ಪ್ಲಾಸ್ಟಿಕ್ಕು ಬಿಗಿದುಕೊಳ್ಳುವುದು ನನಗೆ ಅಲ್ಲಿಂದಲೇ ಕಂಡಿತು. ಕಣ್ಸನ್ನೆ ಮಾಡಿದೆ. ಚನ್ನವೀರಪ್ಪ ಅದನ್ನು ಬೇರೆ ಏನೋ ಅಂದುಕೊಂಡು ಇನ್ನೊಂದು ತಂಬಿಗೆ ನೀರು ತರಿಸಿದ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಧೂಪದಲ್ಲಿ ಅದು ಯಾರಿಗೂ ತಿಳಿಯಲಿಲ್ಲ.

ನಿಜ ಹೇಳುತ್ತೇನೆ ನಿಯಾಜ. ಎದ್ದಾಗ ನನ್ನ ಮನಸ್ಸಿನಲ್ಲಿ ಎರಡು ಇದ್ದವು. ಅಡಿವೆವ್ವನ ಕಣ್ಣು ಒಂದು. ಇನ್ನೊಂದು, ಪಾದಪೂಜೆ ಒದ್ದು ಎದ್ದವನಿಗೆ ಯಾರೂ ಪಟ್ಟ ಕಟ್ಟುವುದಿಲ್ಲ ಅನ್ನುವುದು. ಒಂದೇ ಹೆಜ್ಜೆಯಲ್ಲಿ ಅವಳೂ ಉಳಿಯುತ್ತಾಳೆ, ನಾನೂ ಹೊರಗೆ ಬೀಳುತ್ತೇನೆ ಅಂದುಕೊಂಡೆ. ಪರಾತ ಉರುಳಿತು. ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದೆ. 'ಎಲ್ಲಾರೂ ಹೊರಗ ನಡೀರಿ' ಅಂತ ಕೂಗಿದೆ. ಮಂದಿ ಬೆದರಿ ಅಂಗಳಕ್ಕೆ ನುಗ್ಗಿದರು. ಅಷ್ಟರಲ್ಲಿ ಒಡೆಯಿತು. ಸಣ್ಣ ಬಾಂಬಿನ ಸದ್ದು. ಗೂಡು ಕರ್ರಗಾಯಿತು, ಅವಳು ಒರಗಿದ್ದ ಗೋಡೆಯ ಹೊಸ ಸುಣ್ಣ ಉದುರಿತು. ಯಾರಿಗೂ ಏನೂ ಆಗಲಿಲ್ಲ.

ನಾನು ಬೈಗುಳಕ್ಕೆ ಕಾಯುತ್ತಿದ್ದೆ, ಆಸೆಯಿಂದ ಕಾಯುತ್ತಿದ್ದೆ. ಚನ್ನವೀರಪ್ಪ ಗೂಡು ನೋಡಿದ, ಗೋಡೆ ನೋಡಿದ, ಅಡಿವೆವ್ವನನ್ನು ನೋಡಿದ. ಆಮೇಲೆ ಆ ಒದ್ದೆ ನೆಲದ ಮೇಲೆ ಉದ್ದಕ್ಕೆ ಬಿದ್ದು ನನ್ನ ಕಾಲು ಹಿಡಿದ. 'ಅಜ್ಜಾರಿಗೆ ಮೊದಲ ಗೊತ್ತಾಗಿತ್ತು' ಅಂದ.

ನಾನು ಎಲ್ಲ ಹೇಳಿದೆ. ಬ್ಯಾಟರಿ ನಾನೇ ಇಟ್ಟದ್ದು, ಟ್ರ್ಯಾಕ್ಟರಿನಿಂದ ಬಿಚ್ಚಿ ತಂದದ್ದು, ತಪ್ಪು ನನ್ನದೇ ಅಂತ ಹೇಳಿದೆ. ತಲೆಯಾಡಿಸಿದರು. 'ತಮ್ಮ ಮಹಿಮಾ ತಾವ ಹೇಳಿಕೊಳ್ಳಾಂಗಿಲ್ಲ ಅಜ್ಜಾರು' ಅಂದರು. ಅಡಿವೆವ್ವ ಊರಲ್ಲಿ ಮನೆಮನೆಗೆ ಹೋಗಿ ತನ್ನ ರಟ್ಟೆ ತೋರಿಸಿ ಬಂದಿದ್ದಾಳೆ. ನಿನ್ನೆ ಕಮಿಟಿ ಕೂತು ಯುಗಾದಿಯವರೆಗೆ ಕಾಯುವುದು ಬೇಡ ಅಂತ ತೀರ್ಮಾನಿಸಿತು. ಇದೇ ಇಪ್ಪತ್ತಕ್ಕೆ ಪಟ್ಟ.

ವಿಮಾನಕ್ಕೆ ಬ್ಯಾಟರಿ ಇಲ್ಲ.

ಕರಿಬಸಯ್ಯ

ಸವಣೂರು
9 ಮಾರ್ಚ್ 1984

ಕರಿಬಸಯ್ಯ,

ಬೈಯುವುದಿಲ್ಲ. ಹೊತ್ತಿಲ್ಲ.

ನಿನ್ನೆ ಹುಬ್ಬಳ್ಳಿಗೆ ಹೋಗಿ ಅದೇ ಅಳತೆಯ ಬ್ಯಾಟರಿ ಬಿಲ್ಲೆಗಳನ್ನು ತಂದೆ. ನಾಲ್ಕನ್ನೂ ಬೆಸೆದು ಹೊಸ ಕಟ್ಟು ಮಾಡಿದ್ದೇನೆ. ಬುಧವಾರ ನನ್ನ ಅಂಗಡಿಯಲ್ಲೇ ನಿಧಾನದ ಚಾರ್ಜರಿಗೆ ಹಚ್ಚಿ, ಪೂರ್ತಿ ಹೊತ್ತು ನಾನೇ ಪಕ್ಕದಲ್ಲಿ ಕೂರುತ್ತೇನೆ. ಕೈಯಲ್ಲಿ ಹಿಡಿಯುವ ಪೆಟ್ಟಿಗೆಯ ಬ್ಯಾಟರಿಯನ್ನು ಬೆಳಗಾವಿ ಮುಟ್ಟಿದ ಮೇಲೆ ತುಂಬಿಸೋಣ, ಚಾರ್ಜರ್ ತರುತ್ತೇನೆ.

ಗುರುವಾರ, ಹದಿನೈದಕ್ಕೆ, ನಿನ್ನ ಊರಿನಿಂದ ಬೆಳಗಿನ ಬಸ್ಸು ಹತ್ತು. ತಿಳವಳ್ಳಿ, ಹಾನಗಲ್ ದಾಟಿ ಹತ್ತು ಗಂಟೆಗೆಲ್ಲ ಶಿಗ್ಗಾಂವಿಗೆ ಬರುತ್ತದೆ. ನಾನು ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ನಿನ್ನ ಹಳೆಯ ಪ್ಯಾಂಟು, ಅಂಗಿ ನನ್ನ ಹತ್ತಿರ ಇವೆ, ಇಸ್ತ್ರಿ ಮಾಡಿಸಿದ್ದೇನೆ. ಕಾವಿ ಬದಲಿಸಿ ಇಬ್ಬರೂ ಬೆಳಗಾವಿ ಬಸ್ಸು ಹಿಡಿಯೋಣ. ಯಾರಿಗೂ ಹೇಳಬೇಡ. ವಿಮಾನ ಕಂಬಳಿಯಲ್ಲಿ ಸುತ್ತಿಕೊಂಡು ಬಾ.

ಬರುತ್ತೇನೆ ಅಂತ ಒಂದು ಕಾರ್ಡು ಹಾಕು, ನನಗೆ ನಿದ್ದೆ ಬರುತ್ತಿಲ್ಲ.

ನಿಯಾಜ

ಚಿಕ್ಕೇರೂರು ಅಂಚೆ
12 ಮಾರ್ಚ್ 1984

ಬರುತ್ತೇನೆ. ಕರಿಬಸಯ್ಯ.

ಸವಣೂರು
17 ಮಾರ್ಚ್ 1984

ಕರಿಬಸಯ್ಯ,

ನಿನ್ನೆ ಪರೀಕ್ಷೆ ಮುಗಿದಿರಬೇಕು. ಯಾರೋ ಒಬ್ಬರು ಹಾರಿಸಿರುತ್ತಾರೆ.

ನಾನು ಏಳು ಗಂಟೆಗೇ ಶಿಗ್ಗಾಂವಿಗೆ ಬಂದು ನಿಂತಿದ್ದೆ. ಹತ್ತು ಆಯಿತು, ಹನ್ನೊಂದಾಯಿತು. ಹಾನಗಲ್ ಕಡೆಯಿಂದ ಬಂದವರನ್ನು ಕೇಳಿದರೆ, 'ಬಾಂಬ್ ತಡದ ಅಜ್ಜಾರು ಬಸ್ಸಿನ್ಯಾಗ ಬರಾಕತ್ತಾರ್ರಿ, ಊರೂರಿಗೆ ನಿಂದರ್ಸಾಕತ್ತಾರ' ಅಂದರು. ತಿಳವಳ್ಳಿಯಲ್ಲಿ ಒಂದು ತಾಸು, ಹಾನಗಲ್ಲಿನಲ್ಲಿ ಅದಕ್ಕಿಂತ ಹೆಚ್ಚು. ಮಧ್ಯಾಹ್ನ ದಾಟಿದ ಮೇಲೆ ಬಸ್ಸು ಬಂತು. ಮುಂದಿನ ಗಾಜಿಗೆ ಹಾರ ಹಾಕಿದ್ದರು. ಡ್ರೈವರನ ಪಕ್ಕದ ಸೀಟಿಗೆ ಶಾಲು ಹೊದಿಸಿ ನಿನ್ನನ್ನು ಕೂರಿಸಿದ್ದರು. ಸ್ಟ್ಯಾಂಡಿನಲ್ಲಿದ್ದ ಮಂದಿಯೆಲ್ಲ ಬಸ್ಸಿನ ಬಾಗಿಲಿಗೆ ನುಗ್ಗಿದರು.

ನಾನು ಕೂಗಿದೆ. ಎಲ್ಲರೂ ನಿನ್ನನ್ನೇ ಕೂಗುತ್ತಿದ್ದರು, ನನ್ನ ದನಿ ಯಾವ ಲೆಕ್ಕ. ಬಟ್ಟೆಯ ಚೀಲ ಬಗಲಲ್ಲಿ, ಬ್ಯಾಟರಿ ಕೈಯಲ್ಲಿ ಹಿಡಿದು ನೂಕಿಕೊಂಡು ಮುಂದೆ ಬಂದೆ. 'ಬಗ್ಗರಿ, ಬಗ್ಗರಿ, ನಿಂತಕೊಂಡು ದರ್ಶನ ತಗೋಬಾರ್ದು' ಅಂತ ಯಾರೋ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿದರು. ಬಗ್ಗಿದವರಿಗಷ್ಟೇ ದಾರಿ ಬಿಡುತ್ತಿದ್ದರು. ಸರಿ, ಬಗ್ಗಿಯೇ ಬಂದೆ. ನಿನ್ನ ಮೊಣಕಾಲಿನ ಹತ್ತಿರ ಬ್ಯಾಟರಿ ಚಾಚಿದೆ. ನನ್ನ ಟೋಪಿಯ ಮೇಲೆ ನಿನ್ನ ಕೈ ಬಿತ್ತು. ಒಂದು ಕ್ಷಣ ಇತ್ತು. ಆಮೇಲೆ ಪಕ್ಕದ ತಲೆಗೆ ಹೋಯಿತು.

ಹಿಂದಿನವರು ನನ್ನನ್ನು ಹೊರಗೆ ಎಳೆದರು. ಯಾರೋ ಹತ್ತಿ ವ್ಯಾಪಾರದವರು ಜೀಪು ತಂದು ನಿನ್ನನ್ನು ಮನೆಗೆ ಕರೆದುಕೊಂಡು ಹೋದರು. ಗದ್ದಲದಲ್ಲಿ ನೀನು ನನ್ನ ಮುಖ ನೋಡಲಿಲ್ಲ ಅಂತ ಅಂದುಕೊಂಡಿದ್ದೇನೆ. ಎರಡು ದಿನದಿಂದ ಅದನ್ನೇ ಅಂದುಕೊಳ್ಳುತ್ತಿದ್ದೇನೆ. ನೋಡಲಿಲ್ಲ, ಅಲ್ಲವೇ? ಹೌದು ಅಂತ ಬರೆದುಬಿಡು, ನನಗೆ ಅಷ್ಟೇ ಸಾಕು.

ಪರೀಕ್ಷೆ ಹೋದರೆ ಹೋಗಲಿ. ಇಪ್ಪತ್ತಕ್ಕೆ ಇನ್ನೂ ಮೂರು ದಿನ ಇದೆ. ಅಟ್ಟದ ಮೇಲೆ ಹಾಸಿಗೆ ಹಾಸಿದ್ದೇನೆ. ಬಾ.

ನಿಯಾಜ

ಚಿಕ್ಕೇರೂರು ಅಂಚೆ
4 ಏಪ್ರಿಲ್ 1984

ನಿಯಾಜ,

ನೋಡಿದೆ.

ನಿನ್ನ ಟೋಪಿ ಕಂಡಿತು, ಬ್ಯಾಟರಿ ಕಂಡಿತು. ಅದರ ಮೇಲೆ ನೀನು ನೀಲಿ ಶಾಯಿಯಲ್ಲಿ 'ಪೂರ್ತಿ ತುಂಬಿದೆ' ಅಂತ ಬರೆದದ್ದನ್ನೂ ಓದಿದೆ. ತೆಗೆದುಕೊಂಡಿದ್ದರೆ ಇಳಿಯಬೇಕಾಗುತ್ತಿತ್ತು. ನನ್ನ ಕೈ ನಿನ್ನ ತಲೆಯ ಮೇಲೆ ಇದ್ದಷ್ಟು ಹೊತ್ತು ಇಳಿಯುತ್ತೇನೆ ಅಂತಲೇ ಅಂದುಕೊಂಡಿದ್ದೆ.

ಏನಾಯಿತು ಅಂತ ನಿನಗಲ್ಲದೆ ಯಾರಿಗೆ ಹೇಳಲಿ? ತಿಳವಳ್ಳಿಯಲ್ಲಿ ಬಸ್ಸು ನಿಲ್ಲಿಸಿದಾಗ ನನಗೆ ಅಳು ಬಂದಿತ್ತು. ಹಾನಗಲ್ಲಿಗೆ ಬರುವಷ್ಟರಲ್ಲಿ ಅಳು ನಿಂತಿತು. ಒಬ್ಬ ಮುದುಕ ಬಂದ, ತಲೆ ಮುಟ್ಟಿದೆ, ಅವನ ಮುಖ ಸಡಿಲವಾಯಿತು. ಒಬ್ಬ ಹೆಂಗಸು ಮಗುವನ್ನು ಎತ್ತಿ ಹಿಡಿದಳು, ಮುಟ್ಟಿದೆ, ಅವಳು ನಕ್ಕಳು. ನಾನು ಯಾವ ಪರೀಕ್ಷೆ ಕೊಟ್ಟೂ ಯಾರ ಮುಖವನ್ನೂ ಹಾಗೆ ಮಾಡಲಾರೆ. ಶಿಗ್ಗಾಂವಿಗೆ ಬರುವಾಗ ಮುಂದಿನ ತಲೆ ಯಾವುದು ಅಂತ ನನ್ನ ಕೈಯೇ ಹುಡುಕುತ್ತಿತ್ತು. ಇಷ್ಟು ದಿನ ಇವರು ನನ್ನನ್ನು ಕಟ್ಟಿಹಾಕಿದ್ದಾರೆ ಅಂದುಕೊಂಡಿದ್ದೆ. ಅವತ್ತು ಯಾರೂ ಕಟ್ಟಿರಲಿಲ್ಲ. ನನಗೆ ನಾಚಿಕೆಯಾಗುತ್ತದೆ ನಿಯಾಜ, ನಾಚಿಕೆಯಷ್ಟೇ ಹೆದರಿಕೆಯೂ ಆಗುತ್ತದೆ.

ವಿಮಾನವನ್ನು ಪಡಸಾಲೆಯ ತೊಲೆಗೆ ತೂಗುಹಾಕಿದ್ದಾರೆ. ಬರುವವರು ಅದಕ್ಕೂ ಕೈ ಮುಗಿಯುತ್ತಾರೆ. ಹಾರಿಸುವ ಪೆಟ್ಟಿಗೆಯನ್ನು ನಿನಗೆ ಕಳಿಸುತ್ತೇನೆ, ಬೇಕಾದವರಿಗೆ ಕೊಡು. ಆ ಬ್ಯಾಟರಿಯನ್ನು ಇನ್ನು ಚಾರ್ಜಿಗೆ ಇಡಬೇಡ.

ಇಪ್ಪತ್ತಕ್ಕೆ ಪಟ್ಟವಾಯಿತು. ಅವ್ವ ಬಂದಿದ್ದಳು. ಸಾಲಿನಲ್ಲೇ ನಿಂತು ಬಂದಳು, ಮೊದಲು ಬಿಡುತ್ತೇವೆ ಅಂದರೂ ಬರಲಿಲ್ಲ. ಬಗ್ಗಿ ಕಾಲು ಮುಟ್ಟಿದಳು. ಎಬ್ಬಿಸಬೇಕು ಅಂತ ಅಂದುಕೊಂಡಿದ್ದೆ. ಅಷ್ಟರಲ್ಲಿ ಕೈ ಹೋಗಿ ಅವಳ ತಲೆಯ ಮೇಲೆ ಕೂತಿತ್ತು. ಅವಳು ಎದ್ದು, 'ಬರ್ತೇನ್ರಿ' ಅಂದು ಹೋದಳು.

ಒಂದು ಮಾತು. ಇನ್ನು ಬರೆದರೆ ಲಕೋಟೆಯ ಮೇಲೆ ಹಳೆಯ ಹೆಸರು ಬರೆಯಬೇಡ. ನಿನ್ನ ಕಾಗದ ಬಂದದ್ದು ತಡವಾಗಿ, ಪಟ್ಟದ ಮರುದಿನ. ಪೋಸ್ಟಿನವನು ಅದನ್ನು ಕೈಯಲ್ಲಿ ಹಿಡಿದು ದೂರವೇ ನಿಂತ. 'ಕರಿಬಸಯ್ಯ ಅಂತ ಐತ್ರಿ ಅಜ್ಜಾರ. ಈ ಹೆಸರಿನವರು ಈಗ ಇಲ್ಲಲ್ರಿ, ತಿರುಗಿ ಕಳಸ್ಲೇನ್ರಿ' ಅಂತ ನನ್ನನ್ನೇ ಕೇಳಿದ. ನಾನು ಕೈ ಚಾಚಿದೆ. 'ಅವರ ಗೆಳ್ಯಾಂದ ಐತಿ. ಇಲ್ಲಿ ಕೊಡು, ನಾವ ತಿಳಸ್ತೇವಿ' ಅಂದೆ.